ಸ್ಕೀಗೆ ಮೇಣ ಹಚ್ಚಿದ್ದು ಯಾರು?

ಸ್ಕೀಯ ಮಧ್ಯಭಾಗಕ್ಕೆ ಹಚ್ಚುವ ಮೇಣದ ಬಗ್ಗೆ ಕೋಚ್ ಏನೋ ಹೇಳಿದ್ದರು, ಸ್ನೇಹಿತರೇ. ನನಗೆ ನೆನಪಿದ್ದದ್ದು ಚೆನ್ನಾಗಿ ಉಜ್ಜಬೇಕು ಎಂಬುದಷ್ಟೇ. ಹಾಗಾಗಿ ಇಂದು ಬೆಳಿಗ್ಗೆ ತರಬೇತಿ ಶಿಬಿರದಲ್ಲಿ ಮಗಳು ಅನನ್ಯ ಹಿಮದ ಮೇಲೆ ಓಡುವ ಸ್ಕೀಗಳಿಗೆ, ದೋಸೆ ಕಾವಲಿಗೆ ಎಣ್ಣೆ ಸವರುವಂತೆ, ತುದಿಯಿಂದ ತುದಿಗೆ ಜಾರುವ ಮೇಣ ಹಚ್ಚಿದೆ. ಪಾದದ ಕೆಳಗಿನ ಆ ಮಧ್ಯಭಾಗಕ್ಕೆ ಹಚ್ಚಬೇಕಾದದ್ದು ಹಿಮವನ್ನು ಹಿಡಿಯುವ ಅಂಟು ಮೇಣವಂತೆ. ರಿಲೇ ತಂಡದ ಆಯ್ಕೆಯ ಓಟದಲ್ಲಿ ಪ್ರತಿ ಏರಿನಲ್ಲೂ ಅವಳು ಹಿಂದಕ್ಕೆ ಜಾರಿದಳು. ಎಲ್ಲರಿಗಿಂತ ಕೊನೆಗೆ ಬಂದಳು, ಆಯ್ಕೆಯಾಗಲಿಲ್ಲ.

ಮೇಣ ಹಚ್ಚಿದ್ದು ಯಾರೆಂದು ಕೋಚ್ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಮೀ. ಐ ಮೆಸ್ಡ್ ಅಪ್," ಎಂದಳು. ಆಮೇಲೆ ನನ್ನತ್ತ ತಿರುಗಿ, "ಅಪ್ಪಾ, ಇನ್ಮೇಲೆ ನೀನು ಓನ್ಲಿ ಸ್ನ್ಯಾಕ್ಸ್ ಮಾಡು, ಓಕೆ?"

ರಾಕ್‌ವಿಲ್‌ನ ಮನೆಯಲ್ಲೇ ಉಳಿದ ಅವಳ ಅಮ್ಮನಿಗೊಂದು ಪ್ರಶ್ನೆ. ಸುಮಾ, ಇಷ್ಟು ವರ್ಷ ಅವಳು ನಿನ್ನ ಮುಂದೆ ಒಪ್ಪಿಕೊಂಡ ತಪ್ಪುಗಳಲ್ಲಿ ನನ್ನವು ಎಷ್ಟಿದ್ದವು?