ಡ್ರಮ್ಮಿನ ತಳ ನೋಡುವ ಉಗ್ರಪ್ಪ

ಶಿವನಿ ರೈಲು ನಿಲ್ದಾಣದ ಆಚೆ, ಓಂಕಾರೇಶ್ ಅವರ ದಾಳಿಂಬೆ ತೋಟ. ಡಿಸೆಂಬರಿನ ಬೆಳಗಿನ ಆರು ಗಂಟೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತ ಉಗ್ರಪ್ಪ, ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು ಕಾಯುತ್ತಿದ್ದಾರೆ.

"ಏನಪ್ಪಾ, ಗೊಬ್ಬರ ಕಲಸ್ತೀಯೋ, ಜ್ವರ ನೋಡ್ತೀಯೋ?" ಪಂಪಿನ ಕೋಣೆಯಿಂದ ಓಂಕಾರೇಶ್ ಕೆಣಕುತ್ತಾರೆ.

"ಜ್ವರ ಅಲ್ಲ, ಚಳಿ ನೋಡ್ತಿದೀನಿ ಕಣ್ರೀ."

ಹದಿನೇಳು ಡಿಗ್ರಿ. ಉಗ್ರಪ್ಪ ಅಂಗಿಯ ಜೇಬಿನಿಂದ ಲ್ಯಾಮಿನೇಶನ್ ಮಾಡಿಸಿದ ಗ್ರಾಫ್ ಹಾಳೆ ತೆಗೆಯುತ್ತಾರೆ. ಅದರಲ್ಲಿ, ಎಷ್ಟು ಬಿಸಿಯ ನೀರಲ್ಲಿ ಎಷ್ಟು ಕರಗುತ್ತದೆಂದು ತೋರಿಸುವ ಎರಡು ಗೆರೆಗಳಿವೆ. ಅಡುಗೆ ಉಪ್ಪಿನದು ಹೆಚ್ಚುಕಡಿಮೆ ಸಪಾಟು. ಡ್ರಿಪ್ಪಿಗೆ ಬಿಡುವ ಪೊಟ್ಯಾಷಿಯಂ ನೈಟ್ರೇಟ್ ಗೊಬ್ಬರದ್ದು, ನೀರು ಬಿಸಿಯಾದಂತೆ ಗುಡ್ಡದ ಹಾಗೆ ಏರುತ್ತದೆ. ಈ ಗೊಬ್ಬರ ಕರಗುವಾಗ ನೀರು ಇನ್ನಷ್ಟು ತಣ್ಣಗಾಗುತ್ತದೆ. ಹಾಗಾಗಿ ಐವತ್ತು ಲೀಟರಿಗೆ ಏಳೇ ಕಿಲೋ ಹಾಕಿ, ಕಲಕಿ, ಮತ್ತೆ ಅಳೆಯುತ್ತಾರೆ. ಒಂಬತ್ತು ಡಿಗ್ರಿ. ಬೆರಳು ಗೆರೆಯ ಮೇಲೆ ಸರಿದು ನಿಲ್ಲುತ್ತದೆ. "ಹತ್ತು ಕಿಲೋ ತನಕ ತಡೀತದೆ. ತಳದಾಗೆ ಏನೂ ಕೂರಲ್ಲ."

ಏಳನೇ ತರಗತಿಗೆ ಶಾಲೆ ಬಿಟ್ಟವರು ಉಗ್ರಪ್ಪ. ಈಗ ಐವತ್ತೆರಡು ವರ್ಷ. ಗೊಬ್ಬರ ಕಲಸಿ ಬಿಡುವುದೇ ಕೂಲಿ, ದಿನಕ್ಕೆ ನಾಲ್ಕು ತೋಟ, ಒಂಬತ್ತು ಡ್ರಮ್ಮು. ಬೆರಳ ಸಂದುಗಳು ಬಿರುಕು ಬಿಟ್ಟಿವೆ, ಊಟ ಮಾಡುವಾಗ ಸಾರು ತಾಗಿದರೆ ಉರಿ. ಮೊದಲು ಏಳು ತೋಟಗಳಿದ್ದವು. ಸಂಜೆಯೇ ಕಲಸಿಟ್ಟು ಹೋಗಲಾರೆ ಎಂದಿದ್ದಕ್ಕೆ ಮೂರು ತಪ್ಪಿಹೋದವು.

ಎರಡು ವರ್ಷದ ಹಿಂದೆ ಅವರೂ ಸಂಜೆಯೇ ಕಲಸಿಡುತ್ತಿದ್ದರು. ಇದೇ ತೋಟ, ಇದೇ ತಿಂಗಳು. ಹಗಲೆಲ್ಲ ಬಿಸಿಲಿಗಿಟ್ಟ ನೀರಿಗೆ ಹದಿನೇಳು ಕಿಲೋ ಸ್ವಲ್ಪಸ್ವಲ್ಪವಾಗಿ ಹಾಕಿ, ಒಂದು ಕಣವೂ ಉಳಿಯದಂತೆ ಕರಗಿಸಿ ಮನೆಗೆ ಹೋದರು. ಬೆಳಗ್ಗೆ ಕತ್ತಲಲ್ಲೇ ಪೈಪಿಗೆ ಬಿಟ್ಟರು. ಡ್ರಮ್ಮು ಖಾಲಿಯಾದ ಮೇಲೆ ಅದಕ್ಕೆ ಒಳ್ಳೆಯ ನೀರು ತುಂಬಿ ಪಕ್ಕದ ಹೊಲದ ತೀರ್ಥಮ್ಮನ ಹಸುವಿಗೆ ಇಡುವುದು ವಾಡಿಕೆ. ಅಂದೂ ಇಟ್ಟರು. ಹಸು ನೆಕ್ಕಿ ನೆಕ್ಕಿ ಕುಡಿಯಿತು. ಹತ್ತು ಗಂಟೆಗೆ ಏದುಸಿರು ಬಂದು ಬದುವಿನ ಮೇಲೆ ಬಿತ್ತು. ಡಾಕ್ಟರು ಬರುವಷ್ಟರಲ್ಲಿ ಸತ್ತಿತ್ತು.

ತೀರ್ಥಮ್ಮನಿಗೆ ಇದ್ದದ್ದು ಅದೊಂದೇ ಹಸು.

"ಡ್ರಮ್ಮು ಬಗ್ಗಿಸಿ ನೋಡ್ದೆ. ತಳದಾಗೆ ಬೆಳ್ಳಗೆ ಗಟ್ಟಿ ಕೂತಿತ್ತು," ಎನ್ನುತ್ತಾರೆ ಉಗ್ರಪ್ಪ. "ಕರಗಿದ್ದು ಕರಗೇ ಇರ್ತದೆ ಅನ್ಕೊಂಡಿದ್ದೆ. ಸಾರಿಗೆ ಹಾಕಿದ ಉಪ್ಪು ಆರಿದ್ಮೇಲೆ ವಾಪಸ್ ಬತ್ತದಾ?"

ಕೆರೆದ ಗಟ್ಟಿಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಅವರು ಹೈಸ್ಕೂಲಿನ ವಿಜ್ಞಾನದ ಸಂಗೀತಾ ಮೇಡಂ ಬಳಿ ಹೋದರು. ಅದು ಅದೇ ಗೊಬ್ಬರ, ದನದ ಹೊಟ್ಟೆಗೆ ಹೋದರೆ ವಿಷ ಎಂದ ಮೇಡಂ, ಈ ಗ್ರಾಫ್ ಬರೆದು ಓದಲು ಕಲಿಸಿದರು. ಇಪ್ಪತ್ತೈದು ಡಿಗ್ರಿಯಲ್ಲಿ ಹತ್ತೊಂಬತ್ತು ಕಿಲೋ ಹಿಡಿಯುವ ಡ್ರಮ್ಮಿನ ನೀರು, ಚಳಿಗೆ ಹದಿನೈದಕ್ಕೆ ಇಳಿದರೆ ಹಿಡಿಯುವುದು ಹದಿಮೂರೇ. ಹಾಕಿದ್ದು ಹದಿನೇಳು.

"ನಾಲ್ಕು ಕಿಲೋ," ಎಂದು ಉಗ್ರಪ್ಪ ಮೆಲ್ಲಗೆ ಹೇಳುತ್ತಾರೆ. ಎರಡು ವರ್ಷದಿಂದ ದಿನವೂ ಮಾಡುವ ಲೆಕ್ಕವಿರಬೇಕು.

ತೀರ್ಥಮ್ಮ ಅಂದಿನಿಂದ ಅವರೊಡನೆ ಮಾತಾಡಿಲ್ಲ. ಬದುವಿನಾಚೆ ಕಳೆ ಕೀಳುತ್ತಿದ್ದ ಅವರನ್ನು ನಾನು ಕೇಳಿದರೆ ತಲೆ ಎತ್ತದೆ ಹೇಳುತ್ತಾರೆ: "ಬೇಕಂತ ಮಾಡಿದ್ದಲ್ಲ, ಗೊತ್ತು ಕಣಮ್ಮ. ಆದ್ರೆ ನೀರಿಟ್ಟ ಕೈ ಅವಂದೇ ಅಲ್ವಾ?" ಸಂಘದ ಸಾಲದಲ್ಲಿ ತಂದ ಕರು ಅವರ ಹಿಂದೆ ಗೂಟಕ್ಕೆ ಕಟ್ಟಿದೆ. ಹಗ್ಗ ಗಿಡ್ಡ.

ಏಳೂವರೆಗೆ ಪಂಪ್ ನಿಲ್ಲುತ್ತದೆ. ಉಗ್ರಪ್ಪ ಡ್ರಮ್ಮನ್ನು ತೊಳೆದ ನೀರು ಇಂಗುವ ಗುಂಡಿಯ ಬಳಿ ಉರುಳಿಸಿ ಮೂರು ಸಲ ತೊಳೆದು, ಒಳಗೆ ಬೆರಳಾಡಿಸಿ, ಬೋರಲು ಹಾಕದೆ ಬಾಯಿ ಮೇಲಾಗಿಯೇ ಬಿಟ್ಟು ದೂರ ಸರಿಯುತ್ತಾರೆ. ತೀರ್ಥಮ್ಮ ಬದು ದಾಟಿ ಬರುತ್ತಾರೆ. ಬಗ್ಗಿ, ತಳವನ್ನೆಲ್ಲ ಅಂಗೈಯಿಂದ ಸವರುತ್ತಾರೆ. ಆಮೇಲೆ ತಾವೇ ಡ್ರಮ್ಮು ಬೋರಲು ಹಾಕಿ, ಹೋಗಿ ಕರುವಿನ ಹಗ್ಗ ಬಿಚ್ಚುತ್ತಾರೆ.

"ದಿನಾ ಹಿಂಗೇಯ," ಎನ್ನುತ್ತಾರೆ ಉಗ್ರಪ್ಪ. "ನನ್ನ ನಂಬು ಅಂತ ಯಾವ ಬಾಯಲ್ಲಿ ಹೇಳ್ಲಿ? ಸವರಿ ನೋಡ್ಲಿ. ಕೈಗೆ ಒಂದು ಹರಳೂ ಸಿಗಬಾರದು, ಅಷ್ಟೇ."