ಆಯುಧಪೂಜೆಗೆ ಬಳಿದ ಹಸಿರು ಬಣ್ಣ

ಆಯುಧಪೂಜೆ ಬಂತೆಂದರೆ ಈಗಲೂ ನನ್ನ ಮೈ ಉರಿಯುತ್ತದೆ. ದೇವರ ಮೇಲಿನ ಸಿಟ್ಟಲ್ಲ. ಯಂತ್ರಕ್ಕೆ ಹಾರ ಹಾಕಿ, ಅದನ್ನು ನಡೆಸುವವನ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳದ ಜನರ ಮೇಲಿನ ಸಿಟ್ಟು. ಆ ಜನರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದು ಇನ್ನಷ್ಟು ಉರಿಸುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜೆ.ಪಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಂಥ ಒಂದು ಸೈಟಿನಲ್ಲಿ, ಶೀಟು ಹೊದಿಸಿದ ಶೆಡ್ಡಿನಲ್ಲಿ ನಮ್ಮ ಫರ್ನಿಚರ್ ಕಾರ್ಖಾನೆ. ಜಯನಗರದಲ್ಲಿ ಮನೆ ಕಟ್ಟಿಸಿದವರಿಗೆ ವಾರ್ಡ್‌ರೋಬ್ ಬಾಗಿಲು, ಅಡುಗೆಮನೆ ಕಪಾಟು ಮಾಡಿಕೊಡುತ್ತಿದ್ದೆವು. ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯಿಂದ ಮಾಲೀಕರು ಒಂದು ರೌಟರ್ ಯಂತ್ರ ತಂದಿದ್ದರು. ಮೇಲಿಂದ ಇಳಿದ ಸ್ಪಿಂಡಲ್, ಅದರ ತುದಿಯಲ್ಲಿ ಗಿರ್ರನೆ ತಿರುಗುವ ಬಿಟ್, ಅಂದರೆ ಮರ ಕೆತ್ತುವ ಅಲಗು. ಹಲಗೆಯನ್ನು ಕೈಯಿಂದ ತಳ್ಳುತ್ತ ಹೋದರೆ ಅಂಚಿನಲ್ಲಿ ಬೇಕಾದ ಕೆತ್ತನೆ ಮೂಡುತ್ತಿತ್ತು. ಈಗಿನ ಹಾಗೆ ಕಂಪ್ಯೂಟರಿನಲ್ಲಿ ನಂಬರ್ ಒತ್ತಿ ವೇಗ ಬದಲಿಸುವ ಸುಖ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿದ್ದ ಪುಲ್ಲಿಯ ಮೇಲೆ ಬೆಲ್ಟನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕಿತ್ತು. ಮೂರು ಮೆಟ್ಟಿಲು, ಮೂರು ವೇಗ.

ಅದನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಮೇಸ್ತ್ರಿ. ಓದುಬರಹ ಇಲ್ಲ. ದಪ್ಪ ಬಿಟ್ಟಿಗೆ ನಿಧಾನ, ಸಣ್ಣದಕ್ಕೆ ಜೋರು ಎಂಬಷ್ಟು, ಪುಸ್ತಕ ಓದಿದ ನನಗೂ ಗೊತ್ತಿತ್ತು. ಅದರಾಚೆಗಿನದು ಅವರಿಗೆ ಮಾತ್ರ ಗೊತ್ತಿತ್ತು. ತೇಗದ ಅಂಚು ಸುಡುವ ಮೊದಲೇ ಸದ್ದಿನಿಂದ ಹಿಡಿದುಬಿಡುತ್ತಿದ್ದರು. ಪಾರ್ಟಿಕಲ್ ಬೋರ್ಡಿನ ಅಂಟು ಸಾದಾ ಉಕ್ಕಿನ ಬಿಟ್ಟನ್ನು ಅರ್ಧ ದಿನದಲ್ಲಿ ಮೊಂಡು ಮಾಡುತ್ತದೆ, ಕಾರ್ಬೈಡ್ ತುದಿಯದೇ ಬೇಕು ಎಂದು ಮಾಲೀಕರೊಂದಿಗೆ ಜಗಳವಾಡಿ ತರಿಸಿದ್ದರು. ಪುಲ್ಲಿಯ ಮುಚ್ಚಳದ ಮೇಲೆ ಕೆಂಪು, ಹಳದಿ, ಬಿಳಿ ಬಣ್ಣದ ಗೆರೆ ಎಳೆದಿದ್ದರು, ಒಂದೊಂದು ವೇಗಕ್ಕೆ ಒಂದೊಂದು. ಬೆಲ್ಟ್ ಬದಲಿಸಿದಾಗಲೆಲ್ಲ ಅದರ ಗೆರೆಯ ಪಕ್ಕ ಸೀಮೆಸುಣ್ಣದ ಚುಕ್ಕೆ ಇಡುತ್ತಿದ್ದರು. ಮುಚ್ಚಳ ತೆಗೆಯದೆಯೇ ಬೆಲ್ಟ್ ಎಲ್ಲಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನನಗಾಗ ಇಪ್ಪತ್ತೇಳು ವರ್ಷ, ತಲೆತುಂಬ ಐಟಿಐ ಸರ್ಟಿಫಿಕೇಟಿನ ಕೊಬ್ಬು. ಆ ಚುಕ್ಕೆ ಕಂಡರೆ ಒಳಗೊಳಗೇ ನಗುತ್ತಿದ್ದೆ.

ಆ ವರ್ಷ ಪೂಜೆಗೆ ದೊಡ್ಡ ಗಿರಾಕಿಗಳನ್ನು ಕರೆದಿದ್ದರು. ಯಂತ್ರ ಹೊಸದರಂತೆ ಹೊಳೆಯಬೇಕು ಎಂಬ ಹುಚ್ಚು ಮಾಲೀಕರಿಗೆ. ಹಸಿರು ಬಣ್ಣದ ಡಬ್ಬ ನನ್ನ ಕೈಗೆ ಕೊಟ್ಟರು. ಮುಚ್ಚಳವೊಂದನ್ನು ಬಿಟ್ಟು ಬಳಿಯಲಿ ಎಂದು ಮೇಸ್ತ್ರಿ ಕೇಳಿಕೊಂಡರು. ಅಷ್ಟು ಜಾಗ ಹಳತಾಗಿ ಉಳಿದರೆ ಅಸಹ್ಯ ಎಂದರು ಮಾಲೀಕರು. ಮೇಸ್ತ್ರಿ ಮನೆಗೆ ಹೋದ ಮೇಲೆ ನಾನು ಬೆಲ್ಟ್ ಕಳಚಿದೆ, ಪುಲ್ಲಿ ಒರೆಸಿದೆ, ಮುಚ್ಚಳಕ್ಕೆ ಎರಡು ಕೋಟು ಬಳಿದೆ. ಬೆಲ್ಟನ್ನು ಮತ್ತೆ ಸಲೀಸಾಗಿ ಕೂತ ಮೆಟ್ಟಿಲಿಗೆ ಹಾಕಿದೆ. ಮೊದಲು ಎಲ್ಲಿತ್ತು ಎಂದು ನೋಡಿರಲೇ ಇಲ್ಲ.

ಹಬ್ಬ ಕಳೆದು ಕೆಲಸ ಶುರುವಾಯಿತು. ಒಂದು ಗೃಹಪ್ರವೇಶಕ್ಕೆ ಹನ್ನೆರಡು ತೇಗದ ಬಾಗಿಲು ತುರ್ತಾಗಿ ಬೇಕಿತ್ತು. ಮೇಸ್ತ್ರಿ ಇದ್ದುದರಲ್ಲೇ ದಪ್ಪ ಬಿಟ್ಟನ್ನು ಬಿಗಿದು ಮುಚ್ಚಳದತ್ತ ನೋಡಿದರು. ಅವರ ಗೆರೆಗಳಿದ್ದ ಜಾಗದಲ್ಲಿ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ.

"ಬೆಲ್ಟು ನಾನು ಬಿಟ್ಟಿದ್ದ ನಿಧಾನದ ಮೆಟ್ಲಲ್ಲೇ ಇದ್ಯೇನಪ್ಪಾ?" ಎಂದರು.

"ಇದೆ ಮೇಸ್ತ್ರಿ" ಎಂದೆ. ಗೊತ್ತಿಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ.

ಆದರೂ ಅವರು ಮುಚ್ಚಳಕ್ಕೆ ಕೈ ಹಾಕಿದರು. ಪೂಜೆಯ ಕುಂಕುಮ ಕೆಡಿಸಬೇಡಿ, ಆಗಲೇ ಹೊತ್ತಾಯಿತು ಎಂದು ಮಾಲೀಕರು ಹಿಂದಿನಿಂದ ಗದರಿದರು. ಮೇಸ್ತ್ರಿ ಕೈ ತೆಗೆದು ಸ್ವಿಚ್ ಒತ್ತಿದರು.

ಬೆಲ್ಟ್ ಇದ್ದದ್ದು ಅತಿ ಜೋರಿನ ಮೆಟ್ಟಿಲಲ್ಲಿ. ಬಿಟ್ ಕಿರುಚಿತು. ಹಲಗೆ ಮುಟ್ಟಿದ ಕ್ಷಣವೇ ಅದರ ತುದಿ ಮುರಿಯಿತು, ಹಲಗೆ ಒದ್ದುಕೊಂಡು ಹಿಂದಕ್ಕೆ ಹಾರಿತು. ಮೇಸ್ತ್ರಿಯ ಎಡಗೈಯ ಎರಡು ಬೆರಳು ಹೋದವು.

ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿ ಹಿಂತಿರುಗಿದರೆ ಶೆಡ್ಡಿನಲ್ಲಿ ದೃಷ್ಟಿಯ ಮಾತು. ಸ್ನಾನ ಮಾಡದೆ ಪೂಜೆಗೆ ಯಾರೋ ಬಂದಿದ್ದರಂತೆ. ಮಾಲೀಕರು ಇನ್ನೊಂದು ಬೂದುಗುಂಬಳಕಾಯಿ ತರಿಸಿ ಯಂತ್ರದ ಮುಂದೆ ಒಡೆಸಿದರು. ಕಾಯಿ ಒಡೆಯುವುದಕ್ಕೆ ಸಿಕ್ಕ ಪುರುಸೊತ್ತು ಮುಚ್ಚಳ ತೆಗೆದು ನೋಡುವುದಕ್ಕೆ ಯಾರಿಗೂ ಸಿಗಲಿಲ್ಲ. ನಾನು ಎಲ್ಲರೂ ಹೋದ ಮೇಲೆ ತೆಗೆದು ನೋಡಿದೆ, ಮತ್ತೆ ಮುಚ್ಚಿದೆ.

ಐದು ವಾರದ ನಂತರ ಮೇಸ್ತ್ರಿ ಬಂದರು. ಅಷ್ಟರಲ್ಲಿ ಮಾಲೀಕರು ದೃಷ್ಟಿಯನ್ನು ಮರೆತಿದ್ದರು. ವಯಸ್ಸಾಯಿತು, ನಿಗಾ ತಪ್ಪಿತು, ವೇಗ ನೋಡದೆ ಯಂತ್ರ ಹಾಕುವವರನ್ನು ಇನ್ನು ನಂಬುವುದು ಹೇಗೆ ಎಂದು ಎಲ್ಲರ ಎದುರಿಗೇ ಅಂದರು. ಅಲ್ಲಿ ಇಲ್ಲಿ ಇಪ್ಪತ್ತು ವರ್ಷ ಇಂಥ ಯಂತ್ರಗಳನ್ನೇ ನಡೆಸಿದವರನ್ನು, ಉಪ್ಪುಕಾಗದ ಕೊಟ್ಟು ಹಲಗೆ ಉಜ್ಜಲು ಮೂಲೆಯಲ್ಲಿ ಕೂರಿಸಿದರು. ಯಂತ್ರವನ್ನು ನನಗೆ ಒಪ್ಪಿಸಿದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ಮಾಲೀಕರ ಮುಖ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ನನ್ನ ಮುಖ ನೆನೆದರೆ ಕಪಾಳಕ್ಕೆ ಹೊಡೆಯಬೇಕು ಅನಿಸುತ್ತದೆ.

ಮೊದಲ ದಿನವೇ ಸಿಕ್ಕಿಬಿದ್ದೆ. ಪಾರ್ಟಿಕಲ್ ಬೋರ್ಡಿನಲ್ಲಿ ಉದ್ದಕ್ಕೆ ತೋಡು ತೆಗೆಯಬೇಕು, ಯಾವ ಬಿಟ್, ಯಾವ ವೇಗ? ಸರ್ಟಿಫಿಕೇಟಿನಲ್ಲಿ ಅದು ಬರೆದಿರಲಿಲ್ಲ. ಮೂಲೆಗೆ ಹೋಗಿ ಕೇಳಿದೆ. ಮೇಸ್ತ್ರಿ ಹಲಗೆಯನ್ನು ಉಗುರಿನಿಂದ ಕೆರೆದು ನೋಡಿ, ಕಾರ್ಬೈಡಿನದು ಹಾಕು, ನಡುವಿನ ಮೆಟ್ಟಿಲು, ತಳ್ಳುವಾಗ ನಿಲ್ಲಬೇಡ ಎಂದರು. ನಾನು ಕಾಲು ಕೀಳಲಿಲ್ಲ.

"ಬೆಲ್ಟು ಹಾಕಿದ್ದು ನಾನು ಅಂತ ನೀವು ಯಾಕೆ ಹೇಳ್ಲಿಲ್ಲ ಮೇಸ್ತ್ರಿ?"

ಅವರು ತಲೆ ಎತ್ತದೆ ಉಜ್ಜುತ್ತಲೇ ಇದ್ದರು.

"ಅದು ನಾನು ಹೇಳೋ ಮಾತಲ್ಲ. ನೀನು ಹೇಳ್ಬೇಕಿತ್ತು."

ಮಾಲೀಕರ ಕೋಣೆಯ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು, ತೆರೆದೇ ಇತ್ತು. ನಾನು ಯಂತ್ರದ ಕಡೆಗೆ ಹೋದೆ. ಆರು ವರ್ಷ ಅದನ್ನು ನಡೆಸಿದೆ. ಹೊಸ ಮರ, ಹೊಸ ಬಿಟ್ ಬಂದಾಗಲೆಲ್ಲ ಅವರ ಮುಂದೆಯೇ ಹೋಗಿ ನಿಂತೆ. ಆರು ವರ್ಷದಲ್ಲಿ ಅವರು ಒಂದು ಸಲವೂ ನನಗೆ ತಪ್ಪು ವೇಗ ಹೇಳಲಿಲ್ಲ.