ಹಾರ್ನಿನ ಬಾಯಲ್ಲಿ ಟೈಂಪೀಸು

ಟಿಕ್, ಟಿಕ್, ಟಿಕ್. ಬೆಳಗಿನ ಜಾವ ಮೂರೂವರೆ. ಗಂಡಸಿ ಎಂಬ ಊರಿನ ಮದುವೆ ಚಪ್ಪರದ ಹಿಂದೆ ಲಾಟೀನು ಪಕ್ಕಕ್ಕಿಟ್ಟುಕೊಂಡು ಕೂತ ಇಂದುಧರ ಅವರೊಬ್ಬರಿಗೇ ಈ ಸದ್ದು ಕೇಳಿಸುತ್ತಿದೆ. ಕಿವಿಗೆ ಯುದ್ಧಕಾಲದ ಹಳೆಯ ಹೆಡ್‌ಫೋನು. ಅದರ ವೈರು ಇನ್ನೂರು ಗಜ ದೂರದಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದ ಹಾರ್ನಿಗೆ ಸೇರಿದೆ. ಆ ಹಾರ್ನಿನ ಬಾಯೊಳಗೆ ಅವರು ಒಂದು ಟೈಂಪೀಸು ಇಟ್ಟು ಬಂದಿದ್ದಾರೆ.

"ಕೂಗೋ ಹಾರ್ನು ಕೇಳಿಸ್ಕೊಳ್ಳೋಕೂ ಬಲ್ಲದು ಕಣ್ರೀ. ಗಡಿಯಾರ ಕೇಳಿಸ್ತು ಅಂದ್ರೆ ವೈರು ಎಲ್ಲೂ ಕಡಿದಿಲ್ಲ ಅಂತ. ಕೇಳಿಸದಿದ್ರೆ ನಾನು ಮೈಕ್ ಸೆಟ್ಟು ಹಚ್ಚಲ್ಲ," ಎನ್ನುತ್ತಾರೆ.

ಪಕ್ಕದಲ್ಲಿ ವೈರು ಬಿಡಿಸುತ್ತಿರುವ ಹೆಂಡತಿ ರುದ್ರಮ್ಮ ತಲೆ ಎತ್ತದೆ ಹೇಳುತ್ತಾರೆ: "ಮನೇಲಿ ನಾನು ಮೂರು ಸಲ ಕರೆದ್ರೆ ಕೇಳಿಸಲ್ಲ. ಇನ್ನೂರು ಗಜದ ಗಡಿಯಾರ ಕೇಳಿಸುತ್ತೆ."

ಅರಸೀಕೆರೆಯ ಇಂದುಧರ ಅವರಿಗೆ ಈಗ ನಲವತ್ತೆರಡು. ತಂದೆಯದು ಕೊಬ್ಬರಿ ವ್ಯಾಪಾರ. ಮಗ ಅದನ್ನು ಬಿಟ್ಟು ಬೆಂಗಳೂರಿನ ರೇಡಿಯೊ ಅಂಗಡಿಯಲ್ಲಿ ನಾಲ್ಕು ವರ್ಷ ಕಲಿತು ಬಂದರು. ಕಣಕಟ್ಟೆಯ ಒಂದು ಮದುವೆಯಲ್ಲಿ, ಅವಸರಕ್ಕೆ ಹಾರ್ನು ಸೇರಿಸುವ ಮೊದಲೇ ಸೆಟ್ಟು ಹಚ್ಚಿ ದನಿ ಏರಿಸಿಬಿಟ್ಟರು. ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟಿತು. ಹೊಸ ಸೆಟ್ಟು, ಮೊದಲ ತಿಂಗಳು. "ಆ ವಾಸನೆ ಇನ್ನೂ ಮೂಗಲ್ಲೈತೆ."

ಅಂದಿನಿಂದ ಲೆಕ್ಕ ತಪ್ಪಿಲ್ಲ. ಸೆಟ್ಟಿನ ಬೆನ್ನಿಗೆ ನಾಲ್ಕು, ಎಂಟು, ಹದಿನಾರು ಎಂದು ಬರೆದ ಮೂರು ತಿರುಪುಗಳಿವೆ. ಅವರ ಹಾರ್ನು ಒಂದೊಂದೂ ಹದಿನಾರು ಓಮ್ಸಿನದು. ಒಂದೇ ಇದ್ದರೆ ಹದಿನಾರಕ್ಕೆ, ಜೊತೆಜೊತೆಯಾಗಿ ಎರಡಿದ್ದರೆ ಎಂಟಕ್ಕೆ, ನಾಲ್ಕಿದ್ದರೆ ನಾಲ್ಕಕ್ಕೆ. "ಎತ್ತು ನೋಡಿ ಗಾಡಿ ತುಂಬಬೇಕಲ್ಲ, ಹಂಗೇ. ಆದ್ರೆ ಇದು ಬರೀ ಗಾಡಿ ಎಳಿ ಅಂದ್ರೂ ಸಾಯೋ ಎತ್ತು." ಮದುವೆ ತಿಂಗಳುಗಳಲ್ಲಿ ಇಪ್ಪತ್ತು ರಾತ್ರಿ ಹೊರಗೆ, ದಿನಕ್ಕೆ ಆರುನೂರು ಗಜ ವೈರು, ಮೂರು ತಾಸು ನಿದ್ದೆ. ಚಪ್ಪರದಲ್ಲಿ ಅವರ ಹೆಸರು ಕರೆಯುವುದು ಸದ್ದು ನಿಂತಾಗ ಮಾತ್ರ.

ಕಣಕಟ್ಟೆಯ ನಂತರ ಹಾಗೆ ಸದ್ದು ನಿಂತದ್ದು ಒಂದೇ ಸಲ, ಮೂರು ವರ್ಷದ ಹಿಂದೆ. ಬೇಲೂರೋ ಹಳೇಬೀಡೋ, ಊರಿನ ಹೆಸರು ಬೇಡ ಎನ್ನುತ್ತಾರೆ. ಊರ ಉತ್ಸವ, ಬೆಳಿಗ್ಗೆ ಐದಕ್ಕೆ ವಿದ್ವಾಂಸರ ಸಂಗೀತ. ಒಂದು ಹಾರ್ನು ಚಪ್ಪರಕ್ಕೆ, ಇನ್ನೊಂದು ಹಿಂದಿನ ಬೀದಿಯ ಮನೆಯೊಂದರ ಮಹಡಿಗೆ. ಕಟ್ಟಲು ಅಪ್ಪಣೆ ಕೇಳಿದಾಗ ಆ ಮನೆಯ ಯಜಮಾನರು ಹೇಳಿದ್ದರು: "ಕಟ್ಕೋ, ಬೇಡ ಅನ್ನಲ್ಲ. ಹಾಡು ಬೀದಿಗಿರಲಿ. ನಮ್ಮನೆ ಹೆಂಗಸರಿಗೆ ಆ ಅಭ್ಯಾಸ ಬಿಡಿಸಿ ಎಷ್ಟೋ ವರ್ಷವಾಯ್ತು."

ನಾಲ್ಕೂವರೆಗೆ ಮಹಡಿಯ ಹಾರ್ನಿನಿಂದ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಬಂತು. ಅದರ ಮೇಲೆ ಒಂದು ದನಿ. ಹೆಂಗಸಿನದು, ಎಳೆಯದಲ್ಲ. ಗಡಿಯಾರವನ್ನೇ ತಾಳವಾಗಿ ಹಿಡಿದು ಮೆಲ್ಲಗೆ ಹಾಡುತ್ತಿತ್ತು. ಒಂದೇ ಸಾಲು, ಒಂದು ತಿರುವಿನಲ್ಲಿ ಜಾರುವುದು, ಹಿಂದಕ್ಕೆ ಬಂದು ಮತ್ತೆ ಹತ್ತುವುದು. ಮರೆತುಹೋದ ದಾರಿಯನ್ನು ಕಾಲಿನಲ್ಲೇ ತಡಕಿದ ಹಾಗೆ.

"ಏನಯ್ಯಾ, ವಿದ್ವಾಂಸರು ಬಂದು ಕೂತಿದಾರೆ, ನೀನು ಕಿವಿ ಮುಚ್ಕೊಂಡು ತಪಸ್ಸಿಗೆ ಕೂತಿದೀಯ," ಎಂದರು ಉತ್ಸವ ಸಮಿತಿಯ ಕಾರ್ಯದರ್ಶಿ.

ಆ ಹಾರ್ನು ಸೇರಿಸಿದರೆ ಸದ್ದು ನೇರ ಆಕೆಯ ಮುಖಕ್ಕೇ ಅಪ್ಪಳಿಸುತ್ತದೆ. ಇಂದುಧರ ಆ ವೈರನ್ನು ತೊಡೆಯ ಮೇಲೆ ಬಿಟ್ಟುಕೊಂಡರು. ಚಪ್ಪರದ ಹಾರ್ನಿನ ವೈರನ್ನು ಎಂಟರಿಂದ ಬಿಚ್ಚಿ ಹದಿನಾರಕ್ಕೆ ಬಿಗಿದು ಸೆಟ್ಟು ಹಚ್ಚಿದರು.

"ಹಿಂದಿನ ಬೀದಿ ಮೂಕಾಗಿದೆಯಲ್ಲ? ಯಾರನ್ನಾದ್ರೂ ಮಹಡಿ ಹತ್ತಿಸ್ತೀನಿ ಇರು."

"ಬ್ಯಾಡಿ ಸ್ವಾಮಿ. ಆ ಹಾರ್ನು ಸುಟ್ಟೈತೆ. ನಂದೇ ತಪ್ಪು, ತಿರುಪು ತಪ್ಪಿ ಕಟ್ಟಿದೆ."

ಮರುವರ್ಷ ಆ ಉತ್ಸವಕ್ಕೆ ಬೇರೆಯವರ ಸೆಟ್ಟು ಬಂತು. ಇಂದುಧರ ಹಾರ್ನು ಸುಡುತ್ತಾನೆ ಎಂಬ ಮಾತು ಊರೂರು ಸುತ್ತಿ, ಕೆಲವು ಮದುವೆಗಳೂ ತಪ್ಪಿದವು. ಅದಕ್ಕೆ ಅವರು ಹೆಚ್ಚು ಹೇಳುವುದಿಲ್ಲ. "ಆ ದನಿ ಮುಂದೆ ಒಂದ್ಸಲ ಮೈಕು ಇಡಬೇಕು ಅಂತ ಆಸೆ. ಜನ ಬ್ಯಾಡ. ಎರಡು ಹಾರ್ನು, ಎಂಟಕ್ಕೆ ಕಟ್ಟಿ, ನಾನು ದೂರ ಹೋಗಿ ನಿಂತು ಕೇಳ್ತೀನಿ." ಈಗಲೂ ಪ್ರತಿ ಊರಿನಲ್ಲೂ, ಟಿಕ್ ಟಿಕ್ ಕೇಳಿದ ಮೇಲೂ, ಬೇಕಾದ್ದಕ್ಕಿಂತ ಸ್ವಲ್ಪ ಹೊತ್ತು ಹೆಚ್ಚಾಗಿಯೇ ಹೆಡ್‌ಫೋನು ಕಿವಿಯಲ್ಲಿರುತ್ತದೆ.

"ಯಾರ ಮನೆ ಅಂತ ನನಗೂ ಹೇಳಲ್ಲ ಈ ಮನುಷ್ಯ," ಎನ್ನುತ್ತಾರೆ ರುದ್ರಮ್ಮ. ಇಂದುಧರ ಹೆಡ್‌ಫೋನು ಸುತ್ತಿಡುತ್ತಾರೆ.

ಆ ಸಂಗೀತದ ದಿನ ಬಿಸಿಲೇರಿದ ಮೇಲೆ ಅವರು ಮಹಡಿ ಹತ್ತಿದ್ದರು. ಟೈಂಪೀಸು ಹಾರ್ನಿನ ಬಾಯಲ್ಲಿ ಇಟ್ಟ ಹಾಗೇ ಇತ್ತು. ಕೀಲಿ ಕೊಟ್ಟು ಒಂದು ದಿನವಾಗಿತ್ತು. ಇನ್ನೇನು ನಿಲ್ಲುವ ಹೊತ್ತು. ತಿರುಗಿಸಲು ಹೋದರೆ ಕೀಲಿ ಅಲುಗಲಿಲ್ಲ. ಆಗಲೇ ಯಾರೋ ಪೂರ್ತಿ ಕೀಲಿ ಕೊಟ್ಟಿದ್ದರು.

ಕೆಳಗೆ ಯಜಮಾನರು ಕಾದಿದ್ದರು. "ಏನಾಗಿತ್ತಯ್ಯಾ?"

"ಹಾರ್ನು ಸುಟ್ಟಿತ್ತು ಸ್ವಾಮಿ."

ಯಜಮಾನರ ಬೆನ್ನ ಹಿಂದೆ, ಅಡಿಗೆಮನೆಯಲ್ಲಿ, ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಇಂದುಧರ ಆ ಕಡೆ ನೋಡಲಿಲ್ಲ. ಆ ಮನೆ ಯಾವುದೆಂದು ಯಾರಿಗೂ, ರುದ್ರಮ್ಮನಿಗೂ, ಹೇಳಬಾರದೆಂದು ಹೊಸಿಲು ದಾಟುವ ಮೊದಲೇ ನಿಶ್ಚಯಿಸಿ, ಟೈಂಪೀಸನ್ನು ಜೇಬಿಗಿಳಿಸಿ ನಡೆದರು.